ಹದಿನೇಳನೆಯ ಕಟ್ಟು

"ಒಂದು, ಎರಡು... ಸೊಂಟ ಹಿಡ್ಕೊಂಡ್ರೆ ನನ್ನ ಕೇಳಬೇಡಿ ಸಾರ್... ಮೂರು!"

ಒಂದು ತುದಿಯನ್ನು ಉಗ್ರಾಣಿ, ಇನ್ನೊಂದು ತುದಿಯನ್ನು ಇನ್ಸ್‌ಪೆಕ್ಟರ್ ಹಿಡಿದು ಹದಿನೇಳನೆಯ ಕಟ್ಟನ್ನು ಮಗುಚಿದರು. ತೊಟ್ಟಿಲಿನಷ್ಟು ಉದ್ದದ, ಪ್ಲಾಸ್ಟರ್ ಬಿಗಿದ ಬಿಳಿ ಗಡ್ಡೆ ಅದು. ಹತ್ತೊಂಬತ್ತು ವರ್ಷ ಒಂದೇ ಮಗ್ಗುಲಲ್ಲಿ ಮಲಗಿದ್ದದ್ದು ಮೊದಲ ಸಲ ತನ್ನ ಅಡಿಭಾಗ ತೋರಿಸಿತು. ಮರಳು ತುಂಬಿದ ದಿಂಬುಗಳ ಮೇಲೆ ಅದನ್ನು ಕೂರಿಸಿ ಇಬ್ಬರೂ ಉಸ್ಸೆಂದರು.

ಮ್ಯೂಸಿಯಮ್ಮಿನ ನೆಲಮಾಳಿಗೆ. ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಜನ ನೋಡುವುದು ನೂರಕ್ಕೆ ಎರಡು ಪಾಲು. ಉಳಿದದ್ದೆಲ್ಲ ಇಲ್ಲಿ, ಹಸಿರು ಬಣ್ಣದ ಕಬ್ಬಿಣದ ಬೀರುಗಳ ಖಾನೆಗಳಲ್ಲಿ, ಹತ್ತಿ ಹಾಸಿದ ಟ್ರೇಗಳಲ್ಲಿ, ಒಂದೊಂದೂ ಒಂದೊಂದು ಚೀಟಿ ಕಟ್ಟಿಸಿಕೊಂಡು ಕೂತಿತ್ತು. ಕಲ್ಲಾದ ಶಂಖ, ಕಲ್ಲಾದ ಎಲೆ, ಕಲ್ಲಾದ ಮೀನಿನ ಬೆನ್ನು. ಇವನ್ನೆಲ್ಲ ಕಾಯುವವಳಿಗೆ ಕಾಗದದಲ್ಲಿ ಮಾರುದ್ದದ ಹುದ್ದೆಯಿದ್ದರೂ ಎಲ್ಲರ ಬಾಯಲ್ಲಿ ಅವಳು ಉಗ್ರಾಣಿ. ನಲವತ್ತೆರಡು ವಯಸ್ಸು. ಮದುವೆಯಾಗಿಲ್ಲ. ರಜೆ ಹಾಕಿದ್ದನ್ನು ಯಾರೂ ನೋಡಿಲ್ಲ.

ಇನ್ಸ್‌ಪೆಕ್ಟರಿಗೂ ಠಾಣೆಯಲ್ಲಿ ಒಂದು ಅಡ್ಡಹೆಸರಿತ್ತು: ನಿಧಾನಿ. ಬೇರೆಯವರು ಎರಡು ದಿನದಲ್ಲಿ ಕೈತೊಳೆದುಕೊಳ್ಳುವ ಕೇಸನ್ನು ಇವನು ಎರಡು ತಿಂಗಳು ಅಗಿಯುತ್ತಾನೆಂದು ಇಟ್ಟ ಹೆಸರು. ಅವನಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ, ಗುಡ್ಡದಲ್ಲಿ ಕಲ್ಲಾದ ಮೂಳೆ ಅಗೆಯುತ್ತಿದ್ದ ಬಿಡಾರದಿಂದ ಅಲ್ಲಿನ ಮೇಸ್ತ್ರಿ ಕದ್ದು ಓಡಿಹೋದನೆಂದು ಎಲ್ಲರೂ ನಂಬಿದ್ದ ಪ್ರಾಣಿಯ ಬುರುಡೆ ಹೋದ ವಾರ ಇದೇ ಉಗ್ರಾಣದ ಹನ್ನೊಂದನೆಯ ಬೀರುವಿನಲ್ಲಿ, ಬೇರೆ ಚೀಟಿ ಕಟ್ಟಿಸಿಕೊಂಡು ಸಿಕ್ಕಿತ್ತು. ಬುರುಡೆ ಕಳುವಾಗಿರಲೇ ಇಲ್ಲ. ಹಾಗಾದರೆ ಮೇಸ್ತ್ರಿ ಎಲ್ಲಿ?

"ಸಾರ್," ಎಂದಳು ಉಗ್ರಾಣಿ. "ಇಲ್ನೋಡಿ."

ಮಗುಚಿದ ಕಟ್ಟಿನ ನಡುಮಧ್ಯದಲ್ಲಿ ಒಂದು ಅಂಗೈ ಒತ್ತಿತ್ತು.

ಹಸಿ ಪ್ಲಾಸ್ಟರಿನಲ್ಲಿ ಊರಿ ಎತ್ತಿದ ಎಡಗೈ. ಹಸ್ತದ ಗೆರೆ, ಹೆಬ್ಬೆರಳ ಬುಡದ ಜಡ್ಡು, ಎಲ್ಲ ನಿನ್ನೆ ಮೊನ್ನೆ ಒತ್ತಿದಂತಿತ್ತು. ನಾಲ್ಕು ಬೆರಳು ಪೂರ್ತಿ. ಉಂಗುರದ ಬೆರಳು ಮಾತ್ರ ಅರ್ಧಕ್ಕೇ ನಿಂತಿತ್ತು.

"ಮೇಸ್ತ್ರಿಗೆ ಬೆರಳು ಅರ್ಧ ಇತ್ತು ಅಂತ ಫೈಲಲ್ಲಿ ಇದೆ," ಎಂದ ನಿಧಾನಿ.

"ಕಲ್ಲು ಬಿದ್ದು ಹೋಗಿದ್ದು. ಮದುವೆಗೆ ಮುಂಚೆನೇ ಅಂತೆ." ಉಗ್ರಾಣಿ ಆ ಗುರುತಿನೊಳಗಿನ ಧೂಳು ಊದಿದಳು. "ಕಟ್ಟು ಮುಗಿಸಿದ ಮೇಲೆ ಹೀಗೆ ಕೈ ಊರೋರು. ಆರಿದೆಯೋ ಇಲ್ವೋ ನೋಡೋಕೆ. ಮಿಕ್ಕವರೆಲ್ಲ ಬೆರಳ ತುದೀಲಿ ಮುಟ್ಟಿ ನೋಡ್ತಿದ್ವಿ. ಅವರು ಮಾತ್ರ ಮಗು ಬೆನ್ನು ತಟ್ಟೋ ಹಾಗೆ ಇಡೀ ಕೈ ಇಡೋರು."

"ಇದು ಕೊನೆಗೆ ಮುಚ್ಚಿದ ಬದಿ, ಅಲ್ವಾ?"

"ಹೌದು. ಮೇಲ್ಗಡೆ ಮೊದಲು ಬಿಗಿದು, ಆಮೇಲೆ ಕಲ್ಲನ್ನ ಬುಡದಿಂದ ಬಿಡಿಸಿ ಮಗುಚಿ, ಅಡಿ ಮುಚ್ಚೋದು. ಬಿಚ್ಚೋದೂ ಈ ಕಡೆಯಿಂದಾನೇ ಸುಲಭ."

ಅಗೆಯುವ ಜಾಗದಲ್ಲಿ ಕಲ್ಲಾದ ಮೂಳೆಯನ್ನು ಹಾಗೇ ಎತ್ತಿದರೆ ಪುಡಿಯಾಗುತ್ತದೆ. ಒದ್ದೆ ಪೇಪರು ಸುತ್ತಿ, ಗೋಣಿಯ ಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಅದರ ಮೇಲೆ ಬಿಗಿಯುತ್ತಾರೆ, ಕಾಲು ಮುರಿದವರಿಗೆ ಆಸ್ಪತ್ರೆಯಲ್ಲಿ ಕಟ್ಟುವ ಹಾಗೆ. ಆ ಬಿಡಾರದಿಂದ ಬಂದ ಹದಿನೇಳು ಕಟ್ಟುಗಳನ್ನು ಇಂದಿನವರೆಗೆ ಯಾರೂ ಬಿಚ್ಚಿರಲಿಲ್ಲ. ಕಳ್ಳತನದ ಕಳಂಕ ಹತ್ತಿದ ಮಾಲೆಂದು ಯಾರೂ ಮುಟ್ಟುವ ಮನಸ್ಸು ಮಾಡಿರಲಿಲ್ಲ.

ಉಗ್ರಾಣಿ ಪುಟ್ಟ ಗರಗಸದ ಗುಂಡಿ ಒತ್ತಿದಳು. ಕಿರ್ರೆಂಬ ಸದ್ದಿಗೆ ಬೀರುಗಳ ಖಾನೆಗಳು ಸಣ್ಣಗೆ ಅದುರಿದವು. ಅವಳು ಅಂಗೈಯ ಗುರುತನ್ನು ತಪ್ಪಿಸಿ, ಅದರ ಸುತ್ತ ತಟ್ಟೆಯಗಲ ಬಿಟ್ಟು ಕೊಯ್ದಳು. ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಬಟ್ಟೆಯ ಮೇಲಿಟ್ಟಳು.

ಕೆಳಗೆ ಕಂದುಬಣ್ಣಕ್ಕೆ ತಿರುಗಿದ ಪೇಪರು. ನಿಧಾನಿ ಬಗ್ಗಿದ. ಪೇಪರಿನ ತಲೆಯಲ್ಲಿ ತಾರೀಖು ಸ್ಪಷ್ಟವಾಗಿತ್ತು. ಅದೇ ವರ್ಷ, ಅದೇ ತಿಂಗಳು, ಒಂಬತ್ತನೆಯ ತಾರೀಖು.

ಅವನು ಮೂರು ಸಲ ಓದಿದ.

ಆ ಬಿಡಾರದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಕೊಟ್ಟ ದೂರು ಅವನಿಗೆ ಬಾಯಿಪಾಠವಾಗಿತ್ತು. ನಾಲ್ಕನೆಯ ತಾರೀಖು ಬೆಳಗಿನ ಜಾವ ಮೇಸ್ತ್ರಿ ಬುರುಡೆ ಕದ್ದು ಪರಾರಿ. ಆರನೆಯ ತಾರೀಖು ಗಣಿ ಇಲಾಖೆಯಿಂದ ಆದೇಶ: ಗುಂಡಿಯ ಗೋಡೆ ಕುಸಿಯುವಂತಿದೆ, ಅಗೆಯುವುದನ್ನು ನಿಲ್ಲಿಸಿ. ಅದೇ ದಿನ ಬಿಡಾರ ಕಿತ್ತು ವಾಪಸ್.

"ನಾಲ್ಕಕ್ಕೆ ಓಡಿಹೋದೋನು," ಎಂದ ನಿಧಾನಿ, "ಒಂಬತ್ತರ ಪೇಪರಿನ ಮೇಲೆ ಪ್ಲಾಸ್ಟರ್ ಹಚ್ಚಿದ್ದಾನೆ."

ಉಗ್ರಾಣಿ ಕುಂಚದಿಂದ ಪೇಪರಿನ ಮೇಲಿನ ಪುಡಿ ತೆಗೆಯುತ್ತಿದ್ದಳು.

"ನೀವು ಆ ಬಿಡಾರದಲ್ಲಿ ವಿದ್ಯಾರ್ಥಿನಿ ಆಗಿದ್ರಿ. ಯಾವಾಗ ಹೊರಟ್ರಿ?"

"ಹೇಳಿದ್ನಲ್ಲ ಸಾರ್. ಎರಡನೇ ತಾರೀಖು. ಪರೀಕ್ಷೆ ಇತ್ತು."

ಅವಳು ಪೇಪರಿನ ಹಾಳೆಯನ್ನು ಇಕ್ಕುಳದಲ್ಲಿ ಮೆಲ್ಲಗೆ ಬಿಡಿಸಿದಳು. ಅದರ ಹಿಂಬದಿಯಲ್ಲಿ ಪದಬಂಧವಿತ್ತು. ಯಾರೋ ಪೆನ್ಸಿಲಿನಲ್ಲಿ ಮುಕ್ಕಾಲು ತುಂಬಿಸಿದ್ದರು. ನಿಧಾನಿ ಎರಡೂ ಬದಿಯ ಫೋಟೋ ತೆಗೆದುಕೊಂಡ. ಹಾಳೆಯನ್ನು ಪಾರದರ್ಶಕ ಫೈಲಿನಲ್ಲಿಟ್ಟು ಮುಚ್ಚಿದ.

ಆಗ ಬಾಗಿಲು ಕಿರುಗುಟ್ಟಿತು.

"ಊಟದ ಹೊತ್ತಾಯ್ತು ಮಗಳೇ. ಸಾರ್‌ನೂ ಎಬ್ಬಿಸು. ಕಲ್ಲು ಎಲ್ಲಿಗೂ ಓಡಿಹೋಗಲ್ಲ."

ಬಂದವಳು ಚಿಕ್ಕಮ್ಮ. ಐವತ್ತನಾಲ್ಕರ ತೆಳ್ಳನೆಯ ಹೆಂಗಸು, ಕೈಯಲ್ಲಿ ಮೂರು ಅಂತಸ್ತಿನ ಡಬ್ಬಿ, ಹೆಗಲ ಮೇಲೆ ಧೂಳಿನ ಬಟ್ಟೆ. ಮ್ಯೂಸಿಯಮ್ಮಿನಲ್ಲಿ ಗುಡಿಸಿ ಒರೆಸುವವಳು. ಕಾವಲಿನವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವಳು ಚಿಕ್ಕಮ್ಮನೇ. ಹತ್ತೊಂಬತ್ತು ವರ್ಷದ ಹಿಂದೆ ಮಾತ್ರ ಅವಳಿಗೆ ಇನ್ನೊಂದು ಹೆಸರಿತ್ತು: ಮೇಸ್ತ್ರಿಯ ಹೆಂಡತಿ.

ನಿಧಾನಿ ಅವಳಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದ. ಒಂದೂ ಉಪಯೋಗಕ್ಕೆ ಬರಲಿಲ್ಲ. ಮೇಜಿನ ಮೇಲಿದ್ದ ತುಂಡು ಅವಳ ಕಣ್ಣಿಗೆ ಬಿದ್ದಾಗಿತ್ತು.

ಡಬ್ಬಿ ಕೆಳಗಿಟ್ಟಳು. ಹತ್ತಿರ ಬಂದಳು. ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ಆ ಗುರುತಿನೊಳಗೆ ತನ್ನ ಕೈ ಇಟ್ಟಳು. ಅವಳ ಕೈ ಅದರೊಳಗೆ ಸಣ್ಣದಾಗಿ ಕಂಡಿತು.



"ಎಲ್ಲಿತ್ತು ಇದು?"

"ಹದಿನೇಳನೇದರ ಅಡೀಲಿ," ಎಂದ ನಿಧಾನಿ.

"ಅಡೀಲಿ." ಅವಳು ಕಟ್ಟಿನ ಕಡೆ ನೋಡಿದಳು. "ವಾರಕ್ಕೊಂದು ಸಲ ಮೇಲ್ಗಡೆ ಒರೆಸಿದೀನಿ ಸಾರ್. ಹದಿನೇಳು ವರ್ಷ. ಇವರ ಕೈ ಅಡೀಲಿದೆ ಅಂತ ಗೊತ್ತಿದ್ರೆ ಒಂದ್ಸಲ ಮಗುಚಿ ಹಾಕ್ತಿರ್ಲಿಲ್ವಾ? ನಾನೊಬ್ಬಳೇ ಆದ್ರೂ ಮಗುಚ್ತಿದ್ದೆ."

ಉಗ್ರಾಣಿ ಮೂಲೆಯ ನಲ್ಲಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ಕೈ ತೊಳೆಯತೊಡಗಿದಳು.

"ಯಾವತ್ತಿಂದು ಸಾರ್ ಇದು?"

"ಒಂಬತ್ತನೇ ತಾರೀಖು, ಇಲ್ಲಾ ಆಮೇಲೆ. ಅದಕ್ಕೆ ಮುಂಚೆ ಸಾಧ್ಯ ಇಲ್ಲ. ಅಂದ್ರೆ ನಿಮ್ಮ ಯಜಮಾನ್ರು ನಾಲ್ಕನೇ ತಾರೀಖು ಓಡಿಹೋಗಿಲ್ಲ."

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಳು. ಅಳಲಿಲ್ಲ. ತುಟಿ ಮಾತ್ರ ಏನನ್ನೋ ಲೆಕ್ಕ ಹಾಕುವಂತೆ ಅಲುಗಿತು.

"ಬುರುಡೆ ಸಿಕ್ಕಾಗ್ಲೇ ಅವರು ಕಳ್ಳ ಅಲ್ಲ ಅಂತ ಗೊತ್ತಾಗಿತ್ತಲ್ಲಮ್ಮ," ಎಂದ ನಿಧಾನಿ, ಸಮಾಧಾನಕ್ಕೆ.

"ಅವತ್ತು ಕದೀಲಿಲ್ಲ ಅಂತ ಗೊತ್ತಾಯ್ತು. ಬಿಟ್ಟು ಓಡಿಹೋಗ್ಲಿಲ್ಲ ಅಂತ ಇವತ್ತು ಗೊತ್ತಾಯ್ತು. ಎರಡೂ ಬೇರೆ ಸಾರ್. ಕದ್ದಿದ್ರೆ ಊರಿಗೆ ಮೋಸ. ಓಡಿಹೋಗಿದ್ರೆ ನನಗೆ."

ನಲ್ಲಿ ಹರಿಯುತ್ತಲೇ ಇತ್ತು.

"ನನ್ನ ಮಗಳಿಗೆ ಆಗ ಒಂದು ವರ್ಷ. ಸ್ಕೂಲಲ್ಲಿ ಕಳ್ಳನ ಮಗಳು ಅಂತಿದ್ರು. ಏಳನೇ ಕ್ಲಾಸಿಗೆ ಬಿಟ್ಟುಬಿಟ್ಲು. ಹೋದ ವರ್ಷ ಮದುವೆ ಕಾಗದ ಬರೆಸುವಾಗ ಅಪ್ಪನ ಹೆಸರು ಹಾಕ್ಬೇಡಮ್ಮ ಅಂದ್ಲು. ಹಾಕ್ಲಿಲ್ಲ." ಚಿಕ್ಕಮ್ಮ ತುಂಡಿನ ಅಂಚನ್ನು ಸವರಿದಳು. "ಹಾಕ್ಬೇಕಿತ್ತು."

"ಇದು ಸಾಕ್ಷಿ ಅಮ್ಮ, ನಾನು ಠಾಣೆಗೆ ತಗೊಂಡು ಹೋಗ್ಬೇಕು," ಎಂದ ನಿಧಾನಿ. ಆಮೇಲೆ ಅವನೇ ತಿದ್ದಿಕೊಂಡ. "ಸಂಜೆ ತಗೊಂಡು ಹೋಗ್ತೀನಿ. ಅಲ್ಲೀವರೆಗೂ ನಿಮ್ಮ ಹತ್ರ ಇರ್ಲಿ."

ಅವಳು ತಲೆಯಾಡಿಸಿದಳು. ಬಳಿಕ, ಏನೂ ಆಗಿಲ್ಲವೆಂಬಂತೆ ಎದ್ದು ಡಬ್ಬಿ ಬಿಚ್ಚಿದಳು.

"ಬಾ ಮಗಳೇ. ತೊಳೆದು ತೊಳೆದು ಚರ್ಮ ಕಿತ್ತು ಬಂದೀತು. ಉಣ್ಣು."

"ಹಸಿವಿಲ್ಲ ಚಿಕ್ಕಮ್ಮ."

"ದುಃಖ ನಂದು, ಉಪವಾಸ ನಿಂದಾ? ಚೆನ್ನಾಗಿದೆ." ಚಿಕ್ಕಮ್ಮ ನಿಧಾನಿಯ ಕಡೆ ತಿರುಗಿದಳು. "ಇವಳದು ಹೆಣ್ಣು ಕರುಳು ಸಾರ್. ಗಂಡ ಹೋದ ಎರಡು ವರ್ಷ ನನ್ನನ್ನ ಯಾರೂ ಮನೆ ಕೆಲಸಕ್ಕೂ ಸೇರಿಸ್ಲಿಲ್ಲ. ಇವಳು ಈ ಕುರ್ಚಿಗೆ ಬಂದ ವಾರವೇ ಹುಡುಕ್ಕೊಂಡು ಬಂದು ಕರೆದ್ಲು. ಕಳ್ಳನ ಹೆಂಡತಿ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟೋಳು ಇವಳೊಬ್ಬಳೇ."

ಉಗ್ರಾಣಿ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

*

ಹೊರಗೆ ಹೋಗುವ ಪ್ರತಿಯೊಬ್ಬರೂ ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ನಿಧಾನಿ ಪೆನ್ನು ತೆಗೆದು ಬಗ್ಗಿದವನು ಹಾಗೇ ನಿಂತ.

ಪುಟದ ತುಂಬ ಉಗ್ರಾಣಿಯ ಬರಹ. ಯಾವ ಖಾನೆಯಿಂದ ಏನು ಹೊರಗೆ ಹೋಯಿತು, ಯಾವಾಗ ವಾಪಸ್ ಬಂತು. ಅಕ್ಷರಗಳು ಗಾಳಿಗೆ ಬಾಗಿದ ಹುಲ್ಲಿನಂತೆ ಹಿಂದಕ್ಕೆ ವಾಲಿದ್ದವು. ಎಡಗೈ ಬರಹ. ಕೊಂಬುಗಳನ್ನೆಲ್ಲ ಅಕ್ಷರದ ತಲೆಯ ಮಟ್ಟದವರೆಗೂ ಎಳೆದು ಬಿಟ್ಟಿದ್ದಳು.

ಅವನು ಫೋನು ತೆಗೆದು ಪದಬಂಧದ ಫೋಟೋ ದೊಡ್ಡದು ಮಾಡಿದ.

ಅದೇ ವಾಲು. ಅದೇ ಕೊಂಬು.

ಎರಡನೆಯ ತಾರೀಖು ಹೊರಟವಳು ಒಂಬತ್ತನೆಯ ತಾರೀಖಿನ ಪದಬಂಧ ತುಂಬಿಸಿದ್ದಳು. ಆಮೇಲೆ ಆ ಹಾಳೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟಿದ್ದಳು. ಅದು ಒಳಗಿದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಇವತ್ತು ತನ್ನ ಕೈಯಾರೆ ಕೊಯ್ದು, ಪೊಲೀಸಿನವನ ಮುಂದೆ ಬಿಡಿಸಿಟ್ಟಿದ್ದಳು. ಹೋದ ವಾರ ಬುರುಡೆ ಸಿಕ್ಕಿದೆ ಎಂದು ಠಾಣೆಗೆ ಫೋನು ಮಾಡಿದವಳೂ ಅವಳೇ. ಬಾಯಿ ಬಿಟ್ಟು ಹೇಳಲಾಗದ್ದನ್ನು ಒಂದೊಂದೇ ಖಾನೆ ತೆರೆದು ತೋರಿಸುತ್ತಿದ್ದಳು.

ಬಾಗಿಲಿನ ಗಾಜಿನಲ್ಲಿ ಒಳಗಿನದು ಕಾಣುತ್ತಿತ್ತು. ಇಬ್ಬರೂ ಎದುರುಬದುರು ಕೂತಿದ್ದರು. ಉಗ್ರಾಣಿ ತಟ್ಟೆ ಮುಟ್ಟಿರಲಿಲ್ಲ. ಚಿಕ್ಕಮ್ಮ ತುತ್ತು ಮಾಡಿ ಅವಳ ಕೈಗಿಡುತ್ತಿದ್ದಳು, ಬೇಡವೆಂದರೂ ಬಿಡದೆ.

ಈಗಲೇ ಒಳಗೆ ಹೋಗಿ ಕೇಳಬಹುದಿತ್ತು. ಆ ತುತ್ತು ಅವಳ ಕೈಯಲ್ಲಿರುವಾಗ ಕೇಳಲು ಅವನಿಗೆ ಮನಸ್ಸು ಬರಲಿಲ್ಲ. ಮೊದಲು ಮಹಡಿಯ ಮೇಲಿನ ಪ್ರೊಫೆಸರನ್ನು ನೋಡೋಣ ಎಂದುಕೊಂಡ. ಆಮೇಲೆ ಎಷ್ಟೋ ದಿನ ಅವನು ತನ್ನನ್ನು ಬೈದುಕೊಂಡದ್ದು ಈ ಒಂದು ತೀರ್ಮಾನಕ್ಕೆ.

*

ನಿವೃತ್ತರಾಗಿ ಹದಿನೇಳು ವರ್ಷವಾಗಿದ್ದರೂ ಪ್ರೊಫೆಸರಿಗೆ ಎರಡನೆಯ ಮಹಡಿಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಆ ಗುಡ್ಡದಿಂದ ಅದಕ್ಕೂ ಹಿಂದಿನ ವರ್ಷಗಳಲ್ಲಿ ತಂದ ಮೂಳೆಗಳೇ ಅವರಿಗೆ ದೇಶ ವಿದೇಶದಲ್ಲಿ ಹೆಸರು ತಂದದ್ದು. ಎಪ್ಪತ್ತೇಳು ವಯಸ್ಸು. ತಲೆ ಇನ್ನೂ ಚುರುಕು.

"ಬನ್ನಿ, ಬನ್ನಿ. ಬುರುಡೆ ಸಿಕ್ಕಿತಲ್ಲ. ಇನ್ನೇನು ಉಳೀತು?"

"ಮೇಸ್ತ್ರಿ ಉಳಿದ ಸಾರ್."

ನಿಧಾನಿ ಫೈಲನ್ನು ಅವರ ಮುಂದಿಟ್ಟ. ಪ್ರೊಫೆಸರ್ ಭೂತಗನ್ನಡಿ ಹಿಡಿದು ತಾರೀಖು ಓದಿದರು. ಅಲ್ಲಿಗೇ ನಿಲ್ಲಿಸದೆ ಇಡೀ ಪುಟವನ್ನು, ಜಾಹೀರಾತು ಸಮೇತ, ಓದುತ್ತಾ ಹೋದರು. ತಲೆಯೆತ್ತುವುದನ್ನು ಮುಂದಕ್ಕೆ ಹಾಕುತ್ತಿದ್ದಾರೆಂದು ನಿಧಾನಿಗೆ ಗೊತ್ತಾಯಿತು. ಅವನು ಕಾದ. ಕಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಎಲ್ಲಿತ್ತು?"

"ಹದಿನೇಳನೇ ಕಟ್ಟಿನೊಳಗೆ."

"ಹಳೇ ಪೇಪರ್ ಯಾವಾಗ ಬೇಕಾದ್ರೂ ಸುತ್ತಬಹುದು."

"ಹಳೇದನ್ನ ಮುಂದೆ ಸುತ್ತಬಹುದು ಸಾರ್. ನಾಳೇದನ್ನ ಇವತ್ತು ಸುತ್ತೋಕಾಗಲ್ಲ. ನೀವು ಆರಕ್ಕೆ ಬಿಡಾರ ಎತ್ತಿದ್ರಿ ಅಂತ ಬರೆದುಕೊಟ್ಟಿದ್ದೀರಿ."

"ಇಲ್ಲಿಗೆ ಬಂದ ಮೇಲೆ ಬೇರೆ ಯಾರೋ ಮತ್ತೆ ಬಿಗಿದಿರಬಹುದು."

"ಉಂಗುರದ ಬೆರಳು ಅರ್ಧ ಇದ್ದೋರು ನಿಮ್ಮಲ್ಲಿ ಎಷ್ಟು ಜನ ಇದ್ರು?"

ಅಂಗೈಯ ಫೋಟೋ ತೋರಿಸಿದ. ಪ್ರೊಫೆಸರ್ ಅದರತ್ತ ಒಮ್ಮೆ ನೋಡಿ ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಕೆಳಗೆ ಅಂಗಳದಲ್ಲಿ ಶಾಲೆಯ ಮಕ್ಕಳ ಸಾಲು ಹೊರಗೆ ಹೋಗುತ್ತಿತ್ತು. ಕೊನೆಯ ಮಗು ದಾಟುವವರೆಗೂ ನೋಡಿದರು.

"ಬಾಗಿಲು ಹಾಕಿ," ಎಂದರು.

ನಿಧಾನಿ ಹಾಕಿ ಬಂದು ಕೂತ.

"ಆದೇಶ ಬಂದಾಗ ಇನ್ನು ಸ್ವಲ್ಪವೇ ಉಳಿದಿತ್ತು. ಐದಾರು ದಿನದ ಕೆಲಸ. ಉಳಿದವರನ್ನೆಲ್ಲ ಎರಡನೇ ತಾರೀಖೇ ಕಳಿಸಿಯಾಗಿತ್ತು. ಮೇಸ್ತ್ರಿಯನ್ನ ಉಳಿಸಿಕೊಂಡೆ."

"ಮತ್ತೆ ಯಾರನ್ನ?"

"ನೀವು ಕೇಳೋದು ನೋಡಿದ್ರೆ ನಿಮಗೇ ಗೊತ್ತಿರೋ ಹಾಗಿದೆ."

"ಉಗ್ರಾಣಿ."

"ಅವಳಿಗೆ ಇಪ್ಪತ್ತಮೂರು ಆಗ. ನಾನು ಹೂಂ ಅಂದ್ರೆ ಬಾವಿಗೆ ಹಾರೋಳು. ಹನ್ನೊಂದನೇ ತಾರೀಖು. ಮಧ್ಯಾಹ್ನ. ಹದಿನೇಳನೇ ಕಟ್ಟು ಮೇಲೆ ಬಂದಾಗಿತ್ತು. ಹೊರಡಬೇಕು, ಅಷ್ಟೇ. ಗೋಡೆ ಬುಡದಲ್ಲಿ ಒಂದು ಹಲ್ಲು ಕಂಡಿತು. ನಾನೇ ತೋರಿಸಿದೆ. ಮೇಸ್ತ್ರಿ ಬೇಡ ಅಂದ. 'ಗೋಡೆ ಬಾಯಿ ಬಿಟ್ಟಿದೆ ಬುದ್ಧಿ, ನಾನು ಗೋಡೆ ಕಟ್ಟಿ ಬೆಳೆದೋನು, ನಂಗೊತ್ತಾಗುತ್ತೆ' ಅಂದ."

"ನೀವೇನಂದ್ರಿ?"

"ಗೋಡೆ ಕಟ್ಟೋನಿಗೆ ಗುಡ್ಡದ ವಿಷಯ ಏನು ಗೊತ್ತು ಅಂತ ನಕ್ಕೆ. ನಾನು ನಕ್ಕಿದ್ದಕ್ಕೇ ಅವಳು ಇಳಿದಳು."

ಹೊರಗೆ ಕಾರಿಡಾರಿನಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಹೋದರು. ಸದ್ದು ಅಡಗಿದ ಮೇಲೆ ಪ್ರೊಫೆಸರ್ ಮುಂದುವರಿಸಿದರು.

"ಗೋಡೆ ಕದಲಿತು. ಅವನು ಹಾರಿ ಅವಳನ್ನ ಆಚೆ ನೂಕಿದ. ಅವನ ಮೇಲೆ ಬಿತ್ತು. ಪೂರ್ತಿ ಅಲ್ಲ, ಎದೆಯವರೆಗೆ. ಮುಖ ಕಾಣ್ತಿತ್ತು. ಮಾತಾಡ್ತಿದ್ದ."

"ಏನಂದ?"

"ನೀರು ಕೇಳಿದ."

ನಿಧಾನಿ ಬರೆಯುತ್ತಿದ್ದ ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಅವಳಿಗೆ ಇಲ್ಲೇ ಇರು ಅಂತ ಹೇಳಿ, ಜನ ಕರ್ಕೊಂಡು ಬರೋಕೆ ನಾನು ಜೀಪಲ್ಲಿ ಹೊರಟೆ."

"ಎಷ್ಟು ಜನ ಬಂದ್ರು?"

ಪ್ರೊಫೆಸರ್ ಭೂತಗನ್ನಡಿಯನ್ನು ಮೇಜಿನ ಖಾನೆಯಲ್ಲಿಟ್ಟರು.

"ಸಾರ್. ಎಷ್ಟು ಜನಾನ್ನ ಕರ್ಕೊಂಡು ಬಂದ್ರಿ?"

"ಅರ್ಧ ದಾರೀಲಿ ಜೀಪ್ ನಿಲ್ಲಿಸಿದೆ." ದನಿ ಎಷ್ಟು ಸಣ್ಣದಾಗಿತ್ತೆಂದರೆ ನಿಧಾನಿ ಮುಂದಕ್ಕೆ ಬಾಗಬೇಕಾಯಿತು. "ಜನ ಬಂದ್ರೆ ಸುದ್ದಿ ಆಗುತ್ತೆ. ಸುದ್ದಿ ಆದ್ರೆ ಆದೇಶ ಮೀರಿ ಅಗೆದದ್ದು ಹೊರಗೆ ಬರುತ್ತೆ. ಮೂವತ್ತು ವರ್ಷದ ಕೆಲಸ... ಬೇರೆ ಏನಾದ್ರೂ ದಾರಿ ಇದೆಯಾ ಅಂತ ಯೋಚನೆ ಮಾಡ್ತಾ ಕೂತಿದ್ದೆ. ಒಂದು ಗಂಟೆ ಇರಬಹುದು. ಎರಡೋ. ಆಮೇಲೆ ಒಬ್ಬನೇ ವಾಪಸ್ ಬಂದೆ."

ನಿಧಾನಿ ಕೊಲೆಗಾರರ ಎದುರು ಕೂತಿದ್ದವನು. ಕುಡುಗೋಲು ಒರೆಸಿಕೊಂಡು ಬಂದು ಶರಣಾದವರ ಜೊತೆ ಚಹಾ ಕುಡಿದವನು. ಈ ಮುದುಕನ ಎದುರು ಕೂತಿರುವುದು ಅವನಿಗೆ ಅದಕ್ಕಿಂತ ಕಷ್ಟವಾಯಿತು. ಎದ್ದು ಕಿಟಕಿಯವರೆಗೆ ಹೋಗಿ ಬಂದ.

"ವಾಪಸ್ ಬಂದಾಗ?"

"ಅವಳು ರಸ್ತೇಲಿ ನಿಂತಿದ್ಲು. ಗುಂಡಿಯಿಂದ ಅರ್ಧ ಮೈಲಿ ಈಚೆ. ಮೈಯೆಲ್ಲ ಮಣ್ಣು. ಬೆರಳ ತುದಿಯೆಲ್ಲ ರಕ್ತ, ಉಗುರೇ ಇರಲಿಲ್ಲ. 'ಮೇಸ್ತ್ರಿ ಎದ್ದು ಹೋದ್ರು' ಅಂದ್ಲು."

"ಏನು?"

"'ನಾನೇ ಬಿಡಿಸಿದೆ. ಎದ್ದು ಹೋದ್ರು. ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲವಂತೆ, ನಡೆದುಕೊಂಡೇ ಹೊರಟುಹೋದ್ರು.' ಇಷ್ಟೇ ಅಂದಿದ್ದು."

"ನೀವು ಗುಂಡಿ ಹತ್ರ ಹೋಗಿ ನೋಡಿದ್ರಾ?"

"ಇಲ್ಲ."

"ಅರ್ಧ ಮೈಲಿ. ಹೋಗಿ ನೋಡ್ಲಿಲ್ವಾ?"

"ನಂಬೋದು ನನಗೆ ಅನುಕೂಲವಾಗಿತ್ತು."

ಆ ಮಾತು ಹೇಳಿದ ಮೇಲೆ ಅವರ ಮುಖ ಇದ್ದಕ್ಕಿದ್ದಂತೆ ತುಂಬ ವಯಸ್ಸಾದಂತೆ ಕಂಡಿತು. "ಹದಿನೈದು ದಿನ ಆದ ಮೇಲೆ ಅವನ ಹೆಂಡತಿ ಮಗು ಎತ್ಕೊಂಡು ಬಂದ್ಲು. ಬಿಡಾರ ಮುಗೀತಂತಲ್ಲ, ಇವರು ಇನ್ನೂ ಮನೆಗೆ ಬಂದಿಲ್ಲ ಅಂದ್ಲು. ಇದೇ ಕಟ್ಟಡ. ಕೆಳಗೆ ಮೆಟ್ಟಿಲ ಹತ್ರ ನಿಂತಿದ್ಲು. ಆಗ ನನಗೆ ಗೊತ್ತಾಯ್ತು ಅವನು ಮನೆ ಸೇರಿಲ್ಲ ಅಂತ."

"ಅವತ್ತೇ ದೂರು ಬರೆದ್ರಿ. ನಾಲ್ಕನೇ ತಾರೀಖು ಕದ್ದು ಓಡಿಹೋದ ಅಂತ. ಬುರುಡೇನ ಹನ್ನೊಂದನೇ ಬೀರುವಿಗೆ ಸೇರಿಸಿದ್ರಿ."

ಪ್ರೊಫೆಸರ್ ತಲೆಯಾಡಿಸಿದರು.

"ಆ ಎರಡು ಗಂಟೇಲಿ ಅಲ್ಲಿ ಏನು ನಡೀತು ಅಂತ ಉಗ್ರಾಣೀನ ಆಮೇಲೆ ಒಂದು ದಿನ ಕೂಡ ಕೇಳಲಿಲ್ವಾ?"

"ಹದಿನೇಳು ವರ್ಷ ಒಂದೇ ಕಟ್ಟಡದಲ್ಲಿದ್ದೀವಿ. ಅವಳು ಕೆಳಗೆ, ನಾನು ಮೇಲೆ. ಎದುರಾದ್ರೆ ನಮಸ್ಕಾರ ಅಂತಾಳೆ. ಕೇಳಿದ್ರೆ ಎಲ್ಲಿ ಹೇಳಿಬಿಡ್ತಾಳೋ ಅಂತ ಭಯ."

ಫೈಲನ್ನು ಎತ್ತಿಕೊಂಡು ನಿಧಾನಿ ಬಾಗಿಲು ತೆರೆದ. ಹೊರಗಿದ್ದ ಪೇದೆಗೆ ಇವರನ್ನು ಎಲ್ಲಿಗೂ ಬಿಡಬೇಡವೆಂದು ಹೇಳಿದ.

"ಇನ್ಸ್‌ಪೆಕ್ಟರ್," ಹಿಂದಿನಿಂದ ಪ್ರೊಫೆಸರ್ ಕರೆದರು. "ಅವನು ನಿಜವಾಗ್ಲೂ ಎದ್ದು ಹೋಗಿರಬಹುದಾ?"

ನಿಧಾನಿ ತಿರುಗಿ ನೋಡಿದ. ಅವರ ಕಣ್ಣಲ್ಲಿ ಆಸೆಯಿತ್ತು. ಅದನ್ನು ನೋಡಿ ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಮೆಟ್ಟಿಲಿಳಿದ.

*

ಉಗ್ರಾಣಕ್ಕೆ ಬೀಗ ಬಿದ್ದಿತ್ತು.

ಗಾಜಿನಲ್ಲಿ ಇಣುಕಿದ. ದೀಪ ಆರಿತ್ತು. ಮಗುಚಿದ ಕಟ್ಟು ಮೇಜಿನ ಮೇಲೆ ಹಾಗೇ ಇತ್ತು, ಎದೆ ಬಿಚ್ಚಿಕೊಂಡು.

ಹಗಲು ಮೂರು ಗಂಟೆಗೆ ಉಗ್ರಾಣಕ್ಕೆ ಬೀಗ ಬಿದ್ದದ್ದನ್ನು ತಾನೂ ಯಾವತ್ತೂ ನೋಡಿಲ್ಲ ಎಂದ ಗೇಟಿನ ಕಾವಲುಗಾರ. "ಇಬ್ಬರೂ ಹೋಗಿ ಅರ್ಧ ಗಂಟೆ ಆಯ್ತು ಸಾರ್. ಮ್ಯೂಸಿಯಂ ಜೀಪಲ್ಲಿ. ಉಗ್ರಾಣಿ ಮೇಡಂ ಓಡಿಸ್ತಿದ್ರು. ಅವರಿಗೆ ಜೀಪ್ ಓಡಿಸೋಕೆ ಬರುತ್ತೆ ಅಂತಾನೇ ನಂಗೆ ಇವತ್ತು ಗೊತ್ತಾಗಿದ್ದು."

"ಏನಾದ್ರೂ ತಗೊಂಡು ಹೋದ್ರಾ? ಹಾರೆ, ಸನಿಕೆ, ಹಗ್ಗ?"

"ಅಂಥದ್ದೇನೂ ಇಲ್ಲ ಸಾರ್. ಒಂದು ಜೊತೆ ಗಂಡಸರ ಬಟ್ಟೆ ಇತ್ತು, ಹೊಸದು, ಕವರ್ ಕೂಡ ಬಿಚ್ಚಿರಲಿಲ್ಲ. ಮೇಡಂ ಅಲ್ಮಾರೀಲಿ ಇಟ್ಟಿದ್ರಂತೆ. ಅದನ್ನ ಹಿಂದಿನ ಸೀಟಲ್ಲಿ ಹಾಕ್ಕೊಂಡ್ರು."

"ಯಾವ ಕಡೆ ಹೋದ್ರು?"

"ಗುಡ್ಡದ ರಸ್ತೆ."

ನಿಧಾನಿ ಉಗ್ರಾಣಿಯ ನಂಬರು ಒತ್ತಿದ. ಬೀಗ ಹಾಕಿದ ಬಾಗಿಲ ಹಿಂದೆ, ಅವಳ ಮೇಜಿನ ಮೇಲೆ ಎಲ್ಲೋ ಫೋನು ರಿಂಗಾಯಿತು. ಚಿಕ್ಕಮ್ಮನ ನಂಬರು ಒತ್ತಿದ. ಆರು ಸಲ ರಿಂಗಾದ ಮೇಲೆ ಗಾಳಿಯ ಸದ್ದು, ಇಂಜಿನ್ನಿನ ಸದ್ದು, ಅದರ ನಡುವೆ ಅವಳ ದನಿ.

"ಹಲೋ, ಸಾರ್?"

"ಚಿಕ್ಕಮ್ಮ, ಜೀಪ್ ನಿಲ್ಲಿಸೋಕೆ ಹೇಳಿ. ಈಗಲೇ. ನಾನು ಬರ್ತೀನಿ, ಒಟ್ಟಿಗೆ ಹೋಗೋಣ."

"ಹೇಳಿದೆ ಸಾರ್. ನಿಲ್ಲಿಸಿದ್ರೆ ಇನ್ನೊಂದ್ಸಲ ಧೈರ್ಯ ಬರಲ್ಲ ಅಂತಾಳೆ. ಅಳ್ತಾ ಅಳ್ತಾ ಓಡಿಸ್ತಿದ್ದಾಳೆ. ನನ್ನ ಕೈ ಹಿಡ್ಕೊಂಡಿದ್ದಾಳೆ, ಬಿಡ್ತಾ ಇಲ್ಲ."

"ಏನು ಹೇಳಿದ್ಲು ನಿಮಗೆ?"

ಗಾಳಿಯ ಸದ್ದಿನಲ್ಲಿ ಒಂದಷ್ಟು ಮಾತು ತೇಲಿಹೋಯಿತು. ಆಮೇಲೆ ಚಿಕ್ಕಮ್ಮ ಫೋನನ್ನು ಬಾಯಿಗೆ ಒತ್ತಿಕೊಂಡು ಮಾತಾಡಿದಂತೆ ದನಿ ತಗ್ಗಿತು, ಹತ್ತಿರವಾಯಿತು.

"ಜಾಸ್ತಿ ಏನೂ ಹೇಳ್ಲಿಲ್ಲ. ಮೇಸ್ತ್ರಿ ಎಲ್ಲಿದ್ದಾರೆ ಅಂತ ನಂಗೊತ್ತು, ಬನ್ನಿ ಅಂದ್ಲು. ನಾನು ಇನ್ನೊಂದ್ಸಲ ಹೇಳು ಅಂದೆ. ಇನ್ನೊಂದ್ಸಲಾನೂ ಹಾಗೇ ಹೇಳಿದ್ಲು. ಇದ್ದಾರೆ ಅಂದ್ಲು ಸಾರ್. ಇದ್ರು ಅನ್ಲಿಲ್ಲ."